ಅಮ್ಮ ಕೇಳಿದ ಪ್ರಶ್ನೆ

ನನ್ನ ತಮ್ಮ ತಿಪಟೂರಿನ ಹತ್ತಿರ ಬೈಕಿನಿಂದ ಬಿದ್ದಿದ್ದು ಸಂಜೆ. ಬೆಂಗಳೂರಿನ ಆಸ್ಪತ್ರೆ ಸೇರುವಷ್ಟರಲ್ಲಿ ರಾತ್ರಿ ಹನ್ನೊಂದು. ಸಿಟಿ ಸ್ಕ್ಯಾನ್ ಆಯಿತು. ಹಣೆಯ ಹಿಂದೆ ಮೆದುಳು ಜಜ್ಜಿದೆ, ಕಾಲರ್ ಬೋನ್ ಮುರಿದಿದೆ, ಪ್ರಜ್ಞೆ ಎಷ್ಟಿದೆ ಅಂತ ಅಳೆಯುವ ಗ್ಲಾಸ್ಗೊ ಸ್ಕೋರ್ 15ಕ್ಕೆ 9 ಅಂದರು. ಆಪರೇಷನ್ ಸದ್ಯಕ್ಕೆ ಬೇಡ, ಕಾದು ನೋಡೋಣ.

ಬೆಳಗಿನ ಜಾವ ನರ್ಸ್ ಇನ್ನೊಮ್ಮೆ ರಕ್ತ ತಗೊಂಡು ಹೋದರು. ಅದೇ ಹೊತ್ತಿಗೆ ಡ್ಯೂಟಿ ಡಾಕ್ಟರ್ ಹೊರಗೆ ಬಂದರು. ಅಮ್ಮ ತಡೆದು ಕೇಳಿದರು: "ಇಷ್ಟು ಸಲ ರಕ್ತ ತಗೊಂಡ್ರಲ್ಲಪ್ಪ, ನನ್ ಮಗ ಮೊದಲಿನಂಗೆ ಆಗ್ತಾನಾ ಅಂತ ಅದ್ರಲ್ಲಿ ಗೊತ್ತಾಗಲ್ವಾ?"

ಸುಮ್ನಿರಮ್ಮ ಅಂತ ನಾನು ಕೈ ಹಿಡಿದೆ. ಆದರೆ ಆ ಡಾಕ್ಟರ್ ಹುಡುಗ ಅಮ್ಮನ ಪಕ್ಕದಲ್ಲೇ ಕೂತ. "ನಮ್ಮ ಡಾಕ್ಟರುಗಳೂ ಅದನ್ನೇ ಹುಡುಕ್ತಾ ಇದ್ದಾರಮ್ಮ" ಅಂದ. ತೆಂಗಿನಕಾಯಿಗೆ ಏಟು ಬಿದ್ದರೆ ನೀರು ಜಿನುಗುತ್ತಲ್ಲ, ಹಾಗೇ ಮೆದುಳಿನ ಜೀವಕೋಶ ಒಡೆದರೆ ಅದರೊಳಗಿನ ಪ್ರೋಟೀನ್ ರಕ್ತಕ್ಕೆ ಸೋರುತ್ತದೆ ಅಂತ ಬಿಡಿಸಿ ಹೇಳಿದ. ತಿಪಟೂರಿನ ಹೆಂಗಸಿಗೆ ಕಾಯಿ ವಿಷಯ ಅರ್ಥವಾಗದೆ ಇರುತ್ತಾ? ಅಮ್ಮ ತಲೆಯಾಡಿಸಿದರು. ಆ ಪ್ರೋಟೀನ್ ಅಳೆಯುವ ಪರೀಕ್ಷೆ ಆ ಆಸ್ಪತ್ರೆಯಲ್ಲಿ ಇರಲಿಲ್ಲ.

ಮುಂದಿನ ರಾತ್ರಿಗಳಲ್ಲಿ ನಾನು ಅದನ್ನೇ ಓದಿದೆ. ಮುಖ್ಯವಾದವು ಎರಡು ಪ್ರೋಟೀನ್. ಜಿಎಫ್‌ಎಪಿ ಬರುವುದು ನಕ್ಷತ್ರದ ಆಕಾರದ ಪೋಷಕ ಕೋಶಗಳಿಂದ, ಯುಸಿಎಚ್-ಎಲ್1 ನರಕೋಶಗಳಿಂದ. ಎರಡನೆಯದು ಏಟು ಬಿದ್ದ 8 ಗಂಟೆಯ ಸುಮಾರಿಗೆ ಜಾಸ್ತಿ ಇರುತ್ತದೆ, ಮೊದಲನೆಯದು 20 ಗಂಟೆಯ ಸುಮಾರಿಗೆ. ಹಾಗಾಗಿ ರಕ್ತ ಯಾವಾಗ ತೆಗೆದರು ಅನ್ನುವುದೂ ಮುಖ್ಯ. ಎಸ್100ಬಿ ಅಂತ ಇನ್ನೊಂದಿದೆ. ಅದು ಮೂಳೆ ಮುರಿದರೂ ಏರುತ್ತದೆ. ನನ್ನ ತಮ್ಮನಂಥವರಲ್ಲಿ ಅದು ದಾರಿ ತಪ್ಪಿಸಬಹುದು. ಸಣ್ಣ ಪೆಟ್ಟಾದವರಿಗೆ ಸಿಟಿ ಬೇಕೋ ಬೇಡವೋ ಅಂತ ತೀರ್ಮಾನಿಸಲು ಮೊದಲಿನ ಎರಡರ ಪರೀಕ್ಷೆಗೆ ಅಮೆರಿಕದಲ್ಲಿ 2018ರಲ್ಲೇ ಒಪ್ಪಿಗೆ ಸಿಕ್ಕಿದೆ.

ಅಮ್ಮನ ಪ್ರಶ್ನೆಗೆ ಹತ್ತಿರದ ಉತ್ತರ ಸಿಕ್ಕಿದ್ದು 2022ರ ಒಂದು ಅಧ್ಯಯನದಲ್ಲಿ. ಅಮೆರಿಕದ ಸುಮಾರು 1,700 ಗಾಯಾಳುಗಳ ಮೊದಲ ದಿನದ ರಕ್ತ ನೋಡಿ, 6 ತಿಂಗಳ ನಂತರ ಅವರು ಹೇಗಿದ್ದಾರೆ ಅಂತ ಹೋಲಿಸಿದ್ದರು. ಯಾರು ಉಳಿಯುವುದು ಕಷ್ಟ, ಯಾರು ಬೇರೆಯವರನ್ನೇ ನೆಚ್ಚಿಕೊಂಡು ಬದುಕಬೇಕಾಗಬಹುದು ಅನ್ನುವುದನ್ನು ಆ ಪ್ರೋಟೀನ್‌ಗಳು ಚೆನ್ನಾಗಿಯೇ ಹೇಳಿದ್ದವು. ಆದರೆ ಉಳಿದು, ಎದ್ದು ಓಡಾಡುವವರಲ್ಲಿ ಯಾರು ಪೂರ್ತಿ ಮೊದಲಿನಂತಾಗುತ್ತಾರೆ ಅನ್ನುವುದನ್ನು ಅಷ್ಟಾಗಿ ಹೇಳಿರಲಿಲ್ಲ. ಆ ಸಾಲನ್ನು ಎರಡು ಸಲ ಓದಿದೆ. ಅಮ್ಮ ಕೇಳಿದ್ದು ಅದನ್ನೇ ಅಲ್ವಾ?

ತಮ್ಮ ಹನ್ನೊಂದನೇ ದಿನ ನನ್ನನ್ನು ಗುರುತಿಸಿದ. 6 ತಿಂಗಳಿಗೆ ಆಸ್ಪತ್ರೆಯವರು ಫೋನ್ ಮಾಡಿದರು. ಒಬ್ಬನೇ ಅಂಗಡಿಗೆ ಹೋಗ್ತಾನಾ? ಕೆಲಸಕ್ಕೆ ವಾಪಸ್ ಹೋದನಾ? ಮನೆಯಲ್ಲಿ ಜಗಳ ಜಾಸ್ತಿಯಾಗಿದೆಯಾ? ಹೋಗ್ತಾನೆ, ಹೋಗಿದ್ದಾನೆ ಅಂದೆ. ಮೂರನೆಯದಕ್ಕೆ ಸ್ವಲ್ಪ ತಡೆದು ಹೌದು ಅಂದೆ. ಈಗ ಅವನಿಗೆ ಬೇಗ ಸಿಟ್ಟು ಬರುತ್ತದೆ. ವಾಸನೆ ಗೊತ್ತಾಗುವುದಿಲ್ಲ.

ಅಮ್ಮ ಮಾತ್ರ ದಿನಾ ಬೆಳಗ್ಗೆ ಕಾಫಿ ಲೋಟವನ್ನು ಅವನ ಮೂಗಿನ ಹತ್ತಿರ ಹಿಡಿಯುತ್ತಾರೆ. "ಇವತ್ತು ಗೊತ್ತಾಯ್ತೇನೋ?" ಅಂತ ಕೇಳುತ್ತಾರೆ.