ನಕ್ಷೆಯಲ್ಲಿ ನಮ್ಮ ತಾಲ್ಲೂಕು ಹಸಿರಾಗಿತ್ತು

"ಮೇಡಂ, ಭೂಮಿ ಬಿಸಿಯಾದರೆ ನಮ್ಮ ಕಡೆ ಮಳೆ ಹೆಚ್ಚುತ್ತದೆ ಎಂದರೆ, ಅದು ನಮಗೆ ಒಳ್ಳೆಯದೇ ಅಲ್ಲವೇ?"

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಹೀಗೆ ಕೇಳಿದಾಗ ಹಿಂದಿನ ಬೆಂಚಿನಲ್ಲಿ ವಿಷಯ ಪರಿವೀಕ್ಷಕರು ನನ್ನ ಪಾಠ ಯೋಜನೆಯ ಪುಸ್ತಕ ತೆರೆದು ಕುಳಿತಿದ್ದರು. ಅದುವರೆಗೆ ಬರೆಯುತ್ತಿದ್ದವರು ತಲೆಯೆತ್ತಿದರು.

ನಮ್ಮದು ಚಳ್ಳಕೆರೆ ತಾಲ್ಲೂಕು. ವರ್ಷಕ್ಕೆ ಐನೂರು ಮಿಲಿಮೀಟರ್ ಆಸುಪಾಸಿನ ಮಳೆ ನಂಬಿ ಶೇಂಗಾ ಬಿತ್ತುವ ಸೀಮೆ. ಸ್ಮಾರ್ಟ್ ತರಗತಿಯ ಗೋಡೆಯ ಮೇಲೆ ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿ 2021ರಲ್ಲಿ ಹೊರತಂದ ಸಂವಾದಾತ್ಮಕ ಅಟ್ಲಾಸ್ ತೆರೆದಿತ್ತು. ಇಂಟರ್ನೆಟ್ ಕೈಕೊಟ್ಟೀತು ಎಂಬುದೊಂದೇ ನನ್ನ ಚಿಂತೆಯಾಗಿತ್ತು, ಅದು ಕೈಕೊಡಲಿಲ್ಲ. ಉಷ್ಣಾಂಶದ ನಕ್ಷೆ ಸಲೀಸಾಗಿ ಮುಗಿಯಿತು. ಎಲ್ಲೆಲ್ಲೂ ಕೆಂಪು, ಮಕ್ಕಳಿಗೆ ವಿವರಿಸುವ ಅಗತ್ಯವೇ ಬರಲಿಲ್ಲ. ಅನಂತರ ಮೂರು ಡಿಗ್ರಿ ತಾಪ ಏರಿಕೆ ಇಟ್ಟುಕೊಂಡು ಮಳೆಯ ನಕ್ಷೆ ತೆರೆದೆ. ದಕ್ಷಿಣ ಭಾರತ ಹಸಿರಾಯಿತು. ಕೆಲವರು ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆಯ ಹಿಂದೆ ಏನಿತ್ತೆಂದು ನನಗೆ ಗೊತ್ತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತ್ತು. ಆ ವರ್ಷದ ಆಗಸ್ಟ್ ದೇಶದಲ್ಲಿ 1901ರಿಂದೀಚೆಗೆ ಅತ್ಯಂತ ಕಡಿಮೆ ಮಳೆಯಾದ ಆಗಸ್ಟ್. ಶೇಂಗಾ ಬಳ್ಳಿ ಕಾಯಿ ಕಟ್ಟದೆ ಒಣಗಿದ್ದನ್ನು ಮನೆಯಲ್ಲೇ ಕಂಡ ಮಕ್ಕಳಿಗೆ ಹಸಿರು ಬಣ್ಣವೆಂದರೆ ಬೆಳೆ ಅಲ್ಲದೆ ಬೇರೇನು?

ನನ್ನೆದುರು ಎರಡು ಸುಲಭದ ದಾರಿಗಳಿದ್ದವು. ಕೆಂಪು ನಕ್ಷೆಗೆ ಮರಳಿ ಪಾಠ ಮುಂದುವರಿಸುವುದು ಒಂದು. 'ಹಾಗಲ್ಲ, ಕುಳಿತುಕೋ' ಎನ್ನುವುದು ಇನ್ನೊಂದು. ಎರಡೂ ಅನ್ಯಾಯ. ಅವಳು ನಕ್ಷೆಯನ್ನು ಸರಿಯಾಗಿಯೇ ಓದಿದ್ದಳು. "ನೀನು ನೋಡಿದ್ದು ಸರಿ. ಈ ನಕ್ಷೆ ಏನನ್ನು ಹೇಳುತ್ತಿಲ್ಲ ಎಂಬುದನ್ನು ಈಗ ಹುಡುಕೋಣ" ಎಂದು ಹೇಳಿ ಕಪ್ಪುಹಲಗೆಯ ಕಡೆ ತಿರುಗಿದೆ. ಹೇಳಿದ್ದೇನೋ ಹೇಳಿದೆ, ಮುಂದೇನು ಬರೆಯಬೇಕೆಂದು ಸೀಮೆಸುಣ್ಣ ಹಿಡಿದ ಕೈಗೆ ಇನ್ನೂ ಹೊಳೆದಿರಲಿಲ್ಲ. ತರಗತಿ ಸದ್ದಿಲ್ಲದೆ ಕಾಯುತ್ತಿತ್ತು.

ಎರಡು ಊರುಗಳನ್ನು ಬರೆದೆ. ಎರಡರಲ್ಲೂ ವರ್ಷಕ್ಕೆ ಐನೂರು ಮಿಲಿಮೀಟರ್ ಮಳೆ. ಒಂದು ಊರಿನಲ್ಲಿ ಅದು ನಲವತ್ತು ದಿನಗಳಲ್ಲಿ ಹಂಚಿ ಬೀಳುತ್ತದೆ, ಇನ್ನೊಂದರಲ್ಲಿ ಹನ್ನೆರಡೇ ದಿನಗಳಲ್ಲಿ ಸುರಿದು ಮುಗಿಯುತ್ತದೆ. ಶೇಂಗಾ ಎಲ್ಲಿ ಬಿತ್ತುತ್ತೀರಿ ಎಂದು ಕೇಳಿದೆ. ಅಲ್ಲಿಂದ ಪಾಠ ಮಕ್ಕಳದ್ದೇ ಆಯಿತು. ಹನ್ನೆರಡು ದಿನದ ಊರಿನಲ್ಲಿ ಮೇಲ್ಮಣ್ಣು ಕೊಚ್ಚಿಹೋಗುತ್ತದೆ, ಕೆರೆ ಏರಿ ಒಡೆಯುತ್ತದೆ, ನಡುವಿನ ದಿನಗಳಲ್ಲಿ ಬೆಳೆ ಬಾಡುತ್ತದೆ ಎಂದೆಲ್ಲ ಹೇಳಿದರು. ಮಳೆ ಶೇಕಡಾ ಹತ್ತರಷ್ಟು ಹೆಚ್ಚಾದರೆ ಆ ಹೆಚ್ಚಳ ಎಷ್ಟು ಎಂದು ಕೇಳಿದೆ. ಐವತ್ತು ಮಿಲಿಮೀಟರ್ ಎಂದರು. ಅಷ್ಟು ಮಳೆ ಒಂದೇ ಸಂಜೆ ಬಂದುಹೋಗಬಹುದು ಎಂದು ಹಿಂದಿನಿಂದ ಯಾರೋ ಹೇಳಿದರು. ಆಗ ಅದೇ ಅಟ್ಲಾಸಿನಲ್ಲಿ ಒಂದು ದಿನದ ಗರಿಷ್ಠ ಮಳೆಯ ನಕ್ಷೆಯನ್ನೂ, 35 ಡಿಗ್ರಿ ದಾಟುವ ದಿನಗಳ ನಕ್ಷೆಯನ್ನೂ ತೆರೆದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು ಎಂದು ಹೇಳುವಷ್ಟರಲ್ಲಿ ಗಂಟೆ ಬಾರಿಸಿತು.

ಪರಿವೀಕ್ಷಕರು ಬರೆದದ್ದು: 'ಕಲಿಕಾ ಫಲಗಳು ನಿಗದಿತ ಅವಧಿಯಲ್ಲಿ ಪೂರ್ಣಗೊಂಡಿಲ್ಲ.' ಈ ಮಾತು ನನಗೆ ಇಂದಿಗೂ ನೋವು ಕೊಡುತ್ತದೆ. ಮಗು ಕೇಳಿದ ಪ್ರಶ್ನೆಗೆ ಆ ನಮೂನೆಯಲ್ಲಿ ಜಾಗವೇ ಇಲ್ಲ. ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಬಳಸಲಾಗಿದೆಯೇ ಎಂಬ ಕಾಲಮಿನಲ್ಲಿ 'ಹೌದು' ಎಂದು ಬರೆದು, ಪರದೆಯ ಮುಂದೆ ನಿಂತ ಫೋಟೋ ಗುಂಪಿಗೆ ಹಾಕಿದರೆ ಇಲಾಖೆಗೆ ಸಾಕು. ಪರದೆಯ ಮೇಲಿದ್ದದ್ದು ಮಕ್ಕಳ ತಲೆಯಲ್ಲಿ ಏನಾಯಿತು ಎಂದು ಯಾವ ಸಮಾಲೋಚನಾ ಸಭೆಯಲ್ಲೂ ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ಈಗ ಬಣ್ಣ ತೋರಿಸುವ ಮೊದಲು, ಯಾವ ಬಣ್ಣಕ್ಕೆ ಏನರ್ಥ ಎಂದು ಹೇಳುವ ಸೂಚಿಪಟ್ಟಿ ಓದಿಸುತ್ತೇನೆ. ಯಾವ ಕಾಲದ ಸರಾಸರಿಗೆ ಹೋಲಿಸಿದ್ದು, ಅಂಕಿ ಮಿಲಿಮೀಟರಿನಲ್ಲಿದೆಯೋ ಶೇಕಡಾವಾರಿನಲ್ಲಿದೆಯೋ? ಮಳೆಯೇ ಕಡಿಮೆ ಇರುವ ಮರುಭೂಮಿಯಲ್ಲಿ ಅಲ್ಪ ಏರಿಕೆಯೂ ಶೇಕಡಾವಾರಿನಲ್ಲಿ ದೊಡ್ಡದಾಗಿ ಕಾಣುತ್ತದೆ. ನಕ್ಷೆಯ ಮೇಲೆ ಅಲ್ಲಲ್ಲಿ ಇರುವ ಓರೆಗೆರೆಗಳನ್ನು ಮಕ್ಕಳು ಪ್ರೊಜೆಕ್ಟರಿನ ದೋಷ ಎಂದುಕೊಳ್ಳುತ್ತಾರೆ. ಏರಿಕೆಯೋ ಇಳಿಕೆಯೋ ಎಂಬುದರಲ್ಲೇ ಹವಾಮಾನದ ಕಂಪ್ಯೂಟರ್ ಮಾದರಿಗಳ ಪೈಕಿ ಕನಿಷ್ಠ ಶೇಕಡಾ 80ರಷ್ಟಾದರೂ ಒಮ್ಮತಕ್ಕೆ ಬಾರದ ಜಾಗಗಳವು. ವಿಜ್ಞಾನಿಗಳು ತಮ್ಮ ಸಂದೇಹವನ್ನು ನಕ್ಷೆಯ ಮೇಲೆಯೇ ಗೆರೆ ಎಳೆದು ತೋರಿಸುತ್ತಾರೆ ಎಂಬುದನ್ನು ಹದಿನಾಲ್ಕರ ವಯಸ್ಸಿನಲ್ಲಿ ತಿಳಿಯುವುದು ದೊಡ್ಡ ಸಂಗತಿ ಎಂದು ನಾನು ನಂಬಿದ್ದೇನೆ.

ತಮ್ಮ ಹಳ್ಳಿ ಕಾಣುವವರೆಗೆ ಹಿಗ್ಗಿಸಬೇಕೆಂಬ ಹಟ ಎಲ್ಲರಿಗೂ ಇರುತ್ತದೆ. ಈ ಜಾಗತಿಕ ನಕ್ಷೆಯ ಒಂದೊಂದು ಚೌಕ ಒಂದು ಡಿಗ್ರಿ ಅಗಲ, ಅಂದರೆ ನೂರಕ್ಕೂ ಹೆಚ್ಚು ಕಿಲೋಮೀಟರ್. ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ಮತ್ತು ಸಾವಿರದ ಆಸುಪಾಸಿನ ಶಿವಮೊಗ್ಗ ಒಂದೇ ಚೌಕದೊಳಗೆ ಬೀಳುತ್ತವೆ ಎಂದಾಗ ಹಟ ಇಳಿಯುತ್ತದೆ.

ನಮ್ಮ ಗಣಿತ ಮೇಷ್ಟ್ರಿಗೆ ಬೇರೆಯೇ ಆಕ್ಷೇಪವಿತ್ತು. ಮಳೆ ಕಡಿಮೆಯಾಗುತ್ತಿದೆ ಎಂದೇ ಹಿರಿಯರು ಹೇಳುತ್ತಾರಲ್ಲ ಎಂದರು. ದೇಶದ ಒಟ್ಟು ಲೆಕ್ಕದಲ್ಲಿ ಅದು ನಿಜ. ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿಯ ಪ್ರಕಾರ 1951ರಿಂದ 2015ರ ನಡುವೆ ದೇಶದ ಮುಂಗಾರು ಮಳೆ ಸುಮಾರು ಶೇಕಡಾ 6ರಷ್ಟು ಇಳಿದಿದೆ. ಗಂಗಾ ಬಯಲು ಮತ್ತು ಪಶ್ಚಿಮ ಘಟ್ಟಗಳಲ್ಲಿ ಇಳಿಕೆ ಎದ್ದು ಕಾಣುತ್ತದೆ. ಹೊಗೆ ಮತ್ತು ಸೂಕ್ಷ್ಮ ಕಣಗಳು ಬಿಸಿಲನ್ನು ತಡೆದು ಮುಂಗಾರನ್ನು ದುರ್ಬಲಗೊಳಿಸಿದ್ದು ಇದಕ್ಕೆ ಮುಖ್ಯ ಕಾರಣ. ಮುಂದೆ ಹಸಿರುಮನೆ ಅನಿಲಗಳ ಪ್ರಭಾವವೇ ಮೇಲುಗೈ ಪಡೆದು ಮಳೆ ಹೆಚ್ಚುತ್ತದೆ ಎಂಬುದು ಅಂದಾಜು. ಇದನ್ನು ಮಕ್ಕಳಿಗೆ ಹೇಳಲು ಇನ್ನೊಂದು ಅವಧಿಯೇ ಬೇಕು, ಹೇಳಲೇಬೇಕು.

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪನ ಯಂತ್ರಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಆ ದಿನವಹಿ ಅಂಕಿಗಳನ್ನು ಚೌಕುಳಿ ಹಾಳೆಯ ಮೇಲೆ ಗುರುತಿಸಿದ ಮೇಲಷ್ಟೇ ಅಟ್ಲಾಸ್ ತೆರೆಯಬೇಕು, ಪ್ರತಿ ಪ್ರೌಢಶಾಲೆಗೂ ಆ ಅಂಕಿಗಳು ತಿಂಗಳಿಗೊಮ್ಮೆ ತಲುಪಬೇಕು, ಸೂಚಿಪಟ್ಟಿಯ ಕನ್ನಡ ಪ್ರತಿಯನ್ನು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಮುದ್ರಿಸಿಕೊಡಬೇಕು ಎಂದು ಸಮಾಲೋಚನಾ ಸಭೆಯಲ್ಲಿ ಕೇಳಿದ್ದೇನೆ. ಮುಂದಿನ ಸಭೆಯಲ್ಲೂ ಕೇಳುತ್ತೇನೆ.