ಲೆಕ್ಕಶಾಸ್ತ್ರದ ತರಗತಿಗೆ ಬಂದ ಚೆಕ್‌ರೋಲ್

ನಾವು ಬಿ.ಕಾಂ. ಓದುತ್ತಿದ್ದ ತೊಂಬತ್ತರ ದಶಕದ ಕೊನೆಯ ವರ್ಷಗಳು ಕೊಡಗಿನ ಬೆಳೆಗಾರರ ಪಾಲಿಗೆ ಹೊಸ ವ್ಯವಹಾರದ ಕಾಲವಾಗಿದ್ದವು. ದಶಕಗಳಿಂದ ಬೆಳೆದ ಕಾಫಿಯನ್ನು, ಕಾಫಿ ಮಂಡಳಿ ಎಲ್ಲರ ಬೆಳೆಯನ್ನೂ ಒಟ್ಟುಗೂಡಿಸಿ ಮಾರುತ್ತಿದ್ದ ಪೂಲ್‌ಗೆ ಕೊಟ್ಟು ಕಂತುಕಂತಾಗಿ ಬರುವ ಹಣಕ್ಕೆ ಕಾಯುತ್ತಿದ್ದ ಮನೆಗಳು, 1996ರಲ್ಲಿ ಮಾರಾಟ ಸಂಪೂರ್ಣ ಮುಕ್ತವಾದ ಮೇಲೆ, ಯಾರಿಗೆ, ಯಾವಾಗ, ಯಾವ ದರಕ್ಕೆ ಮಾರಬೇಕೆಂಬುದನ್ನು ತಾವೇ ತೀರ್ಮಾನಿಸಬೇಕಾಯಿತು. ಕುಶಾಲನಗರ, ಗೋಣಿಕೊಪ್ಪ, ಮಡಿಕೇರಿಗಳಲ್ಲಿ, ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿಯೂ ವ್ಯಾಪಾರಿಗಳ ಮಳಿಗೆಗಳಲ್ಲಿಯೂ ಲೆಕ್ಕ ಬಲ್ಲವರಿಗೆ ಕೆಲಸವಿತ್ತು. ಆದರೆ ನಮ್ಮ ಪಠ್ಯಪುಸ್ತಕಗಳ ಲೆಕ್ಕಗಳೆಲ್ಲ ಬಟ್ಟೆ ಗಿರಣಿಗಳವು, ಪಾಲುದಾರಿಕೆ ಅಂಗಡಿಗಳವು. ಕಾಫಿಯ ಹೆಸರೂ ಅವುಗಳಲ್ಲಿ ಇರಲಿಲ್ಲ.

ಈ ಕೊರತೆಯನ್ನು ನಮ್ಮ ಲೆಕ್ಕಶಾಸ್ತ್ರದ ಅಧ್ಯಾಪಕರು ಯಾವ ಆದೇಶಕ್ಕೂ ಕಾಯದೆ ತುಂಬಿದರು. ತೋಟವಿದ್ದ ಮನೆಯ ಮಕ್ಕಳಿಗೆ ಹಿಂದಿನ ವರ್ಷದ ಚೆಕ್‌ರೋಲ್, ಅಂದರೆ ಕಾರ್ಮಿಕರ ಹಾಜರಿ ಮತ್ತು ಕೂಲಿಯ ಪುಸ್ತಕ, ತರಲು ಹೇಳಿದರು. ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬರ ಮಗನಾಗಿದ್ದ ನಾನು ತಂದೆಯವರು ಬರೆಯುತ್ತಿದ್ದ ಉದ್ದನೆಯ ಪುಸ್ತಕವನ್ನು ಮಾಲೀಕರ ಅನುಮತಿ ಪಡೆದು ಒಯ್ದಿದ್ದೆ. ತೋಟದ ಸಾಲು ವಸತಿಗಳಾದ ಲೈನ್ ಮನೆಗಳ ಕಾರ್ಮಿಕರ ಹೆಸರು, ಹಾಜರಿ, ಮುಂಗಡ, ಹಣ್ಣು ಕೊಯ್ದ ಕಿಲೋ ಲೆಕ್ಕ, ವಾರದ ಬಟವಾಡೆ ಎಲ್ಲವೂ ಅದರಲ್ಲಿದ್ದವು. ಅದರಿಂದ ದಿನಚರಿ ಪುಸ್ತಕ, ಖಾತೆ, ಜಮಾ ಖರ್ಚು ಎರಡೂ ಕಡೆ ಸರಿಹೊಂದುವುದನ್ನು ತೋರಿಸುವ ತಾಳೆಪಟ್ಟಿ ಸಿದ್ಧಪಡಿಸಬೇಕೆಂಬುದು ನಮಗೆ ಕೊಟ್ಟ ಕೆಲಸ. ಕಾರ್ಮಿಕನಿಗೆ ಕೊಟ್ಟ ಮುಂಗಡ ಖರ್ಚೋ ಆಸ್ತಿಯೋ ಎಂಬ ಒಂದೇ ಪ್ರಶ್ನೆಯ ಮೇಲೆ ಇಡೀ ತರಗತಿ ವಾದಿಸಿದ್ದು ನನಗೆ ಇಂದಿಗೂ ಸ್ಪಷ್ಟವಾಗಿ ನೆನಪಿದೆ.

ಪದವಿಯ ನಂತರ ಕ್ಯೂರಿಂಗ್ ಸಂಸ್ಥೆಯೊಂದಕ್ಕೆ ಸೇರಿದಾಗ ನನ್ನ ಮುಂದೆ ಬಂದ ಮೊದಲ ಕೆಲಸ ಔಟ್‌ಟರ್ನ್‌ನದು. ಐವತ್ತು ಕಿಲೋ ಒಣ ಚೆರಿಯನ್ನು, ಅಂದರೆ ಸಿಪ್ಪೆ ಸಹಿತ ಒಣಗಿಸಿದ ಹಣ್ಣನ್ನು, ಹಲ್ ಮಾಡಿ ಸಿಪ್ಪೆ ತೆಗೆದರೆ ಎಷ್ಟು ಕಿಲೋ ಕ್ಲೀನ್ ಕಾಫಿ ದೊರೆಯುತ್ತದೆಯೋ ಅದೇ ಔಟ್‌ಟರ್ನ್; 26 ಬಂದ ಚೀಲಕ್ಕೂ 28 ಬಂದ ಚೀಲಕ್ಕೂ ಬೆಲೆ ಬೇರೆ. ಬೆಳೆಗಾರ ತಂದ ಚೀಲಗಳಿಂದ ಸ್ಯಾಂಪಲ್ ತೆಗೆದು, ತೇವಾಂಶ ಅಳೆದು, ಸಣ್ಣ ಯಂತ್ರದಲ್ಲಿ ಹಲ್ ಮಾಡಿ, ಕಪ್ಪು ಬೀಜ, ಚೂರುಗಳನ್ನು ಬೇರ್ಪಡಿಸಿ ತೂಗಿ, ಅವರ ಕಣ್ಣೆದುರಿಗೇ ಲೆಕ್ಕ ಹಾಕಿ ತೋರಿಸಬೇಕು. ಈ ಕೆಲಸವನ್ನು ಕಾಲೇಜು ಕಲಿಸಿರಲಿಲ್ಲ, ಕಲಿಸಬೇಕಾಗಿಯೂ ಇರಲಿಲ್ಲ. ಅದು ಕೆಲವೇ ವಾರಗಳಲ್ಲಿ ಕೈಗೆ ಹತ್ತಿತು. ಕಾಲೇಜು ಕಲಿಸಿದ್ದು, ಒಂದು ಅಂಕಿ ಎಲ್ಲಿಂದ ಬಂತು ಎಂದು ಯಾರು ಕೇಳಿದರೂ ಉತ್ತರಿಸುವಂತೆ ಲೆಕ್ಕ ಇಡುವುದನ್ನು. ಆ ಅಭ್ಯಾಸವನ್ನು ಕೆಲಸಕ್ಕೆ ಸೇರಿದ ಮೇಲೆ ಹಚ್ಚುವುದು ಎಷ್ಟು ಕಷ್ಟವೆಂಬುದನ್ನು, ಈಗ ನಾನೇ ಹೊಸಬರನ್ನು ಆಯ್ಕೆ ಮಾಡುವ ಸ್ಥಾನದಲ್ಲಿ ಕುಳಿತು ಪ್ರತಿವರ್ಷ ಕಾಣುತ್ತಿದ್ದೇನೆ.

ಉದ್ಯೋಗದಾತರು ಕೇಳುವುದನ್ನೇ ಪಠ್ಯಕ್ರಮದಲ್ಲಿ ತುಂಬಬೇಕೆಂಬ ವಾದವನ್ನು ನಾನು ಪೂರ್ತಿಯಾಗಿ ಒಪ್ಪದಿರುವುದು ಇದೇ ಕಾರಣಕ್ಕೆ. ನಾವು ಓದಿದ ಮಾರಾಟ ತೆರಿಗೆಯ ಜಾಗಕ್ಕೆ 2005ರಲ್ಲಿ ವ್ಯಾಟ್ ಬಂತು, 2017ರ ಜುಲೈನಲ್ಲಿ ಜಿಎಸ್‌ಟಿ ಬಂತು. ಲೆಕ್ಕ ಇಡುವ ತಂತ್ರಾಂಶವಾದ ಟ್ಯಾಲಿಯ ಆವೃತ್ತಿಗಳು ಎಷ್ಟೋ ಬದಲಾದವು. ಒಂದು ತಂತ್ರಾಂಶದ ಗುಂಡಿಗಳನ್ನಷ್ಟೇ ಕಲಿತವರು ಪ್ರತಿ ಬದಲಾವಣೆಗೂ ತಡವರಿಸಿದರು. ಜಮಾ ಖರ್ಚಿನ ತತ್ವ ತಿಳಿದವರು ಬೇಗನೆ ಹೊಂದಿಕೊಂಡರು.

ಇತ್ತೀಚಿನ ಒಂದು ಉದಾಹರಣೆ ಕೊಡುತ್ತೇನೆ. ಐರೋಪ್ಯ ಒಕ್ಕೂಟ 2023ರಲ್ಲಿ ತಂದ ಅರಣ್ಯನಾಶ ತಡೆ ನಿಯಮದ ಪ್ರಕಾರ, ಅಲ್ಲಿಗೆ ಹೋಗುವ ಕಾಫಿ ಯಾವ ಜಮೀನಿನಲ್ಲಿ ಬೆಳೆದದ್ದೆಂಬುದನ್ನು ಅಕ್ಷಾಂಶ ರೇಖಾಂಶ ಸಹಿತ ತೋರಿಸಬೇಕು. ನಾಲ್ಕು ಹೆಕ್ಟೇರಿಗಿಂತ ದೊಡ್ಡದಾದರೆ ಜಮೀನಿನ ಗಡಿಯನ್ನೇ ಗುರುತಿಸಬೇಕು. ಜಾರಿಯ ದಿನಾಂಕ ಮುಂದೆ ಹೋಗಿದ್ದರೂ ಖರೀದಿದಾರರು ಆಗಲೇ ದಾಖಲೆ ಕೇಳಲಾರಂಭಿಸಿದರು. ಕೊಡಗಿನಲ್ಲಿ ಇದು ಸುಲಭದ ಕೆಲಸವಲ್ಲ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಆಸ್ತಿಯ ಪಹಣಿಯಲ್ಲಿ ಮನೆತನದ ಪರವಾಗಿ ಹೆಸರಿರುವ ಪಟ್ಟೇದಾರರ ಜೊತೆಗೆ ಒಕ್ಕದ, ಅಂದರೆ ಆ ಮನೆತನದ, ಹಲವರ ಹೆಸರುಗಳಿರುತ್ತವೆ. ತೋಟ ಮಾಡಿಕೊಂಡಿರುವವರು ಅವರಲ್ಲಿ ಒಬ್ಬರು ಮಾತ್ರ. ಮೊಬೈಲಿನಲ್ಲಿ ಗಡಿ ಗುರುತಿಸಲು ಯಾರಿಗಾದರೂ ಒಂದು ದಿನದಲ್ಲಿ ಕಲಿಸಬಹುದು. ಪಹಣಿ, ಸರ್ವೆ ನಕ್ಷೆ, ಮನೆಯವರ ಮಾತು ಮೂರನ್ನೂ ಹೊಂದಿಸಿ ನೋಡಿ, ಹಿರಿಯರೊಡನೆ ಮರ್ಯಾದೆಯಿಂದ ಮಾತಾಡಿ, ಕಂಡದ್ದನ್ನು ತಪ್ಪಿಲ್ಲದೆ ಬರೆಯಬಲ್ಲವರು ಬೇಕಿತ್ತು. ನಮ್ಮಲ್ಲಿ ಅದನ್ನು ಚೆನ್ನಾಗಿ ಮಾಡಿದವರು ಇತಿಹಾಸ ಮತ್ತು ಭೂಗೋಳ ಓದಿ ಬಂದ ಇಬ್ಬರು ಹೆಣ್ಣುಮಕ್ಕಳು.

ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಆರಂಭವಾದಾಗ ನನಗೆ ಸಂತೋಷವಾದದ್ದು, ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿಗಳು ನಮ್ಮ ಜಿಲ್ಲೆಯಲ್ಲೇ ಸೇರಬಹುದೆಂಬ ಕಾರಣಕ್ಕೆ. 2021ರಲ್ಲಿ ಬಂದ ಹೊಸ ಶಿಕ್ಷಣ ನೀತಿಯ ಪದವಿ ವ್ಯವಸ್ಥೆ 2024ರಲ್ಲಿ ಮತ್ತೆ ಬದಲಾಗಿ ಮೂರು ವರ್ಷದ ಪದವಿ ಮರಳಿತು; ಇಂತಹ ಏರಿಳಿತಗಳ ನಡುವೆ ಅಧ್ಯಾಪಕರಿಗೆ ಉಸಿರಾಡಲು ಬಿಡುವಿಲ್ಲವೆಂಬುದನ್ನು ಬಲ್ಲೆ. ಆದರೂ ಒಂದು ವಿಷಯ ಹೇಳಲೇಬೇಕು. ಇಂಟರ್ನ್‌ಶಿಪ್‌ಗೆಂದು ವಿದ್ಯಾರ್ಥಿಗಳು ನಮ್ಮಲ್ಲಿಗೆ ಬರುವುದು ಹೆಚ್ಚಾಗಿ ಮಳೆಗಾಲದಲ್ಲಿ. ಆಗ ಗೋದಾಮು ಖಾಲಿ, ಯಂತ್ರಗಳು ನಿಂತಿರುತ್ತವೆ, ಅವರು ಹಳೆಯ ಕಡತಗಳನ್ನು ನಕಲು ಮಾಡಿ ಪ್ರಮಾಣಪತ್ರ ಪಡೆದು ಹೋಗುತ್ತಾರೆ. ಕಾಫಿ ಬರುವುದು ಜನವರಿಯಿಂದ ಏಪ್ರಿಲ್‌ವರೆಗೆ. ಆ ತಿಂಗಳುಗಳಲ್ಲಿ ವಾರಕ್ಕೆರಡು ದಿನವಾದರೂ ಕಳುಹಿಸುವಂತೆ ವೇಳಾಪಟ್ಟಿ ಹೊಂದಿಸಿದರೆ, ಪಠ್ಯಕ್ರಮಕ್ಕೆ ಯಾವ ಹೊಸ ವಿಷಯವನ್ನೂ ಸೇರಿಸದೆ ಕಲಿಕೆ ಹಲವು ಪಟ್ಟು ಹೆಚ್ಚುತ್ತದೆ.

ಉದ್ಯೋಗದಾತರಾದ ನಮ್ಮ ಹೊಣೆಯೂ ಚಿಕ್ಕದಲ್ಲ. ಪದವೀಧರರಿಗೆ ಏನೂ ಬರುವುದಿಲ್ಲವೆಂದು ಸಭೆಗಳಲ್ಲಿ ದೂರುವ ನಾವು, ನಮಗೆ ಏನು ಬೇಕೆಂಬುದನ್ನು ಬರೆದು ಕಾಲೇಜಿಗೆ ಕೊಟ್ಟದ್ದು ಅಪರೂಪ. ಕಲಿಯಲು ಬಂದವರಿಗೆ ಬಸ್ಸಿನ ಖರ್ಚನ್ನೂ ಕೊಡದೆ ಕೆಲಸ ಮಾಡಿಸಿಕೊಳ್ಳುವುದು ಅನ್ಯಾಯ; ವಿಶೇಷವಾಗಿ ಲೈನ್ ಮನೆಗಳಿಂದ ಓದಿ ಮೇಲೆ ಬರುತ್ತಿರುವ ಮಕ್ಕಳಿಗೆ ಅದು ಬಾಗಿಲು ಮುಚ್ಚಿದಂತೆಯೇ ಸರಿ. ಬರುವ ಜನವರಿಯಿಂದ ನಮ್ಮ ಕಚೇರಿಯಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಗೌರವಧನ ಸಹಿತ ತರಬೇತಿ ನೀಡಲು ಆಡಳಿತ ಮಂಡಳಿಯನ್ನು ಒಪ್ಪಿಸಿದ್ದೇನೆ. ಒಂದು ಹಂಗಾಮಿನ ಔಟ್‌ಟರ್ನ್ ದಾಖಲೆಗಳನ್ನೂ, ಬೆಳೆಗಾರರ ಹೆಸರು ತೆಗೆದು, ವಾಣಿಜ್ಯ ವಿಭಾಗಕ್ಕೆ ಒಪ್ಪಿಸುತ್ತೇನೆ. ತಾಳೆಪಟ್ಟಿ ಕಲಿಸುವಾಗ ಅಧ್ಯಾಪಕರು ಅವನ್ನು ಬಳಸಿಕೊಳ್ಳಬೇಕೆಂದು ಕೋರುತ್ತೇನೆ.