ಪಚ್ಚಿಯ ಉಬುಂಟು, ಮತ್ತೆ ಎಡಿಟರ್ ಪ್ರಶ್ನೆ

19 ಅಕ್ಟೋಬರ್ 2025, ಭಾನುವಾರ ರಾತ್ರಿ

14ನೇ ತಾರೀಖಿಗೆ ವಿಂಡೋಸ್ 10ರ ಬೆಂಬಲ ಮುಗಿಯಿತಲ್ಲ, ಪಚ್ಚಿ ಹಳೇ ಲ್ಯಾಪ್‌ಟಾಪಿಗೆ ಉಬುಂಟು 24.04 (ಲಿನಕ್ಸಿನ ಒಂದು ಬಗೆ) ಹಾಕಿಕೊಂಡಿದ್ದಾನೆ. ಸಂಜೆ ಫೋನು: "ಮಾವ, ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಸ್ಟೋರಿನಲ್ಲೇ ಇದೆ, ಹಾಕ್ಲಾ?"

ಬೇಡ ಅಂದೆ. ಅದು ವಿಂಡೋಸಿಗೆಂದೇ ಬರೆದ ಎಡಿಟರ್, ಅಂದರೆ ಕೋಡ್ ಬರೆಯುವ ಪ್ರೋಗ್ರಾಮು. ಸ್ಟೋರಿನಲ್ಲಿರುವುದು ಅದೇ ಪ್ರೋಗ್ರಾಮನ್ನು ವೈನ್ (ವಿಂಡೋಸ್ ಪ್ರೋಗ್ರಾಮುಗಳನ್ನು ಲಿನಕ್ಸಿನಲ್ಲಿ ಓಡಿಸುವ ಸಾಧನ) ಜೊತೆ ಕಟ್ಟಿಕೊಟ್ಟ ಸ್ನ್ಯಾಪ್, ಅಂದರೆ ಬೇಕಾದ್ದನ್ನೆಲ್ಲ ಒಳಗೇ ತುಂಬಿದ ಪೊಟ್ಟಣ. ಫೈಲ್ ತೆರೆಯಲು ಹೋದರೆ ಝಡ್ ಡ್ರೈವ್ ಅಂತ ತೋರಿಸುತ್ತೆ. ಲಿನಕ್ಸಿಗೆ ಬಂದೂ ಡ್ರೈವ್ ಅಕ್ಷರ ಹುಡುಕುವ ಕರ್ಮ ಯಾಕೆ? ಅದರೊಳಗಿನ ಸಿಂಟಿಲ್ಲಾ ಎಂಜಿನ್ನೇ ಬೇಕಿದ್ದರೆ ಜೀನಿ ಅನ್ನುವ ಎಡಿಟರ್ ಇದೆ, ಹಗುರ. ನನ್ನ ಮತ ಕೇಟ್ ಎಡಿಟರಿಗೆ. ಕೆಡಿಇ ಅನ್ನುವ ಡೆಸ್ಕ್‌ಟಾಪಿನ ಲೈಬ್ರರಿಗಳ ದಂಡೇ ಜೊತೆಗೆ ಬರುತ್ತೆ, ಬರಲಿ. ಕಂಟ್ರೋಲ್ ಶಿಫ್ಟ್ ಬಿ ಒತ್ತಿದರೆ ಕಾಲಂ ಆಯ್ಕೆ. ಪೈಥಾನ್ ಭಾಷಾ ಸರ್ವರ್ (ಕೋಡ್ ಪರೀಕ್ಷಿಸುವ ಪ್ರೋಗ್ರಾಮು) ಒಂದನ್ನು ಹಾಕಿ, ಅದರ ಜೊತೆ ಮಾತಾಡುವ ಎಲ್‌ಎಸ್‌ಪಿ ಪ್ಲಗಿನ್ ಆನ್ ಮಾಡಿದರೆ ತಪ್ಪುಗಳನ್ನೂ ತೋರಿಸುತ್ತೆ.

"ಆಫೀಸಲ್ಲಿ ಎಲ್ಲಾ ವಿಎಸ್ ಕೋಡ್ ಮಾವ." ಸರಿ, ಅದನ್ನೂ ಇಟ್ಕೋ. ಆದರೆ ಆ್ಯಪ್ ಸೆಂಟರಿನಿಂದ ಬೇಡ, ಅಲ್ಲಿಯದು ಸ್ನ್ಯಾಪ್. ತನ್ನದೇ ಲೈಬ್ರರಿಗಳನ್ನು ಹೊತ್ತು ತರುವುದರಿಂದ ಐಬಸ್ (ಬೇರೆ ಭಾಷೆ ಟೈಪಿಸಲು ಬೇಕಾದ ವ್ಯವಸ್ಥೆ) ಜೊತೆ ಅದರ ಮಾತುಕತೆ ಕೆಡುವುದುಂಟು: ಬೇರೆಲ್ಲಾ ಕಡೆ ಕನ್ನಡ ಮೂಡುತ್ತೆ, ಎಡಿಟರಿನೊಳಗೆ ಮಾತ್ರ ಇಂಗ್ಲಿಷ್. ಅನುವಾದದ ಜೇಸನ್ ಫೈಲುಗಳಲ್ಲೇ ದಿನ ಕಳೆಯುವವನಿಗೆ ಇದು ಮೊದಲ ಪರೀಕ್ಷೆಯಾಗಬೇಕು, ಥೀಮ್ ಅಲ್ಲ. ಅಧಿಕೃತ ತಾಣದ ಡೆಬ್ ಫೈಲ್ (ಉಬುಂಟುವಿನ ಮಾಮೂಲಿ ಇನ್‌ಸ್ಟಾಲ್ ಫೈಲ್) ಸಾಕು. ಕನ್ನಡ ಕೀಲಿ ವಿನ್ಯಾಸಗಳಿರುವ ಐಬಸ್-ಎಂ17ಎನ್ ಹಾಕಿ, ಲಾಗೌಟ್ ಆಗಿ ಬಂದು, ಕೀಬೋರ್ಡ್ ಸೆಟ್ಟಿಂಗ್ಸಿನಲ್ಲಿ ಕನ್ನಡ ಕೆಜಿಪಿ ವಿನ್ಯಾಸ ಸೇರಿಸಿದರೆ ನುಡಿ ತಂತ್ರಾಂಶಕ್ಕೆ ಒಗ್ಗಿದ ಕೈ ಹಾಗೇ ನಡೆಯುತ್ತೆ. ಒತ್ತಕ್ಷರದ ಬುಡ ಕತ್ತರಿಸಿದಂತೆ ಕಂಡರೆ ಲೈನ್ ಹೈಟ್ 1.6 ಮಾಡಬೇಕು.

ಟರ್ಮಿನಲ್ಲಿನಲ್ಲಿ ಓಡುವ ವಿಮ್ ಎಡಿಟರ್ ಕಲೀಲಾ ಅಂದ. ಸರ್ವರಿಗೆ ಬೇಕು, ಕಲಿ. ಆದರೆ ಟರ್ಮಿನಲ್ಲು ಚೌಕುಳಿಯ ಹಾಳೆ ಇದ್ದಹಾಗೆ, ಒಂದೊಂದು ಮನೆಗೆ ಒಂದೊಂದು ಅಕ್ಷರ. ನಮ್ಮ 'ಸ್ತ್ರೀ' ಅಲ್ಲಿ ಮೈಮುರಿದುಕೊಂಡು ಕೂರುತ್ತೆ.

ಅರ್ಧ ಗಂಟೆಗೆ ಮತ್ತೆ ಫೋನು. ವಿಎಸ್ ಕೋಡಿನಲ್ಲಿ, ವಿಂಡೋಸಿನಲ್ಲಿದ್ದಾಗ ಸಾಲು ನಕಲು ಮಾಡುತ್ತಿದ್ದ ಶಿಫ್ಟ್ ಆಲ್ಟ್ ಡೌನ್ ಒತ್ತಿದರೆ ಕರ್ಸರು ಎರಡಾಗುತ್ತಂತೆ. ಹೌದು, ಲಿನಕ್ಸಿನಲ್ಲಿ ಅದು ಕರ್ಸರ್ ಸೇರಿಸುವ ಕೀಲಿ. ನಕಲಿಗೆ ಕಂಟ್ರೋಲನ್ನೂ ಸೇರಿಸಿ ಒತ್ತಬೇಕು, ಆದರೆ ಆ ಜೋಡಣೆಯನ್ನು ಉಬುಂಟುವಿನ ಡೆಸ್ಕ್‌ಟಾಪ್ ಆದ ಗ್ನೋಮ್, ವಿಂಡೋವನ್ನು ಬೇರೆ ವರ್ಕ್‌ಸ್ಪೇಸಿಗೆ ಸಾಗಿಸಲು ಹಿಡಿದಿಟ್ಟುಕೊಂಡಿದೆ, ಎಡಿಟರಿನ ತನಕ ಬರುವುದೇ ಇಲ್ಲ. ಎರಡರಲ್ಲಿ ಒಂದನ್ನು ಬದಲಿಸಲೇಬೇಕು. ಕೆಲವು ಐಬಸ್ ಆವೃತ್ತಿಗಳು ಕಂಟ್ರೋಲ್ ಚುಕ್ಕಿಯನ್ನೂ ಎಮೋಜಿಗೆ ನುಂಗುತ್ತವೆ, ಅದೇ ಕೀಲಿಯ ಕ್ವಿಕ್ ಫಿಕ್ಸ್ (ತಪ್ಪು ಸರಿಪಡಿಸುವ ಸಲಹೆ) ಹೋಯ್ತು ಅನ್ನಿಸುತ್ತೆ. ಐಬಸ್ ಸೆಟಪ್ಪಿನ ಎಮೋಜಿ ಪುಟದಲ್ಲಿ ಅಳಿಸಬಹುದು.

ತಲೆನೋವು.

ಸ್ಕ್ರಿಪ್ಟ್ ಓಡಿಸಿದರೆ ಪೈಥಾನ್ ಇದ್ದೂ "ಅಂಥ ಫೈಲ್ ಇಲ್ಲ" ಅಂದರೆ, ಮೊದಲ ಸಾಲಿನ ಕೊನೆಗೆ ಸಾಲು ಮುಗಿಸುವಾಗ ವಿಂಡೋಸ್ ಸೇರಿಸುವ ಸಿಆರ್ ಎಂಬ ಕಾಣದ ಅಕ್ಷರ ಅಂಟಿಕೊಂಡಿದೆ ಅಂತ ಅರ್ಥ. ವಿಎಸ್ ಕೋಡಿನ ಬಲ ಕೆಳಮೂಲೆಯ ಸಿಆರ್‌ಎಲ್‌ಎಫ್ ಒತ್ತಿ ಎಲ್‌ಎಫ್ ಮಾಡಿ ಉಳಿಸಿದರೆ ಮುಗೀತು. ಇಡೀ ಫೋಲ್ಡರಿಗೆ ಒಂದೊಂದಾಗಿ ಹೀಗೆ ಮಾಡುವುದು ಹುಚ್ಚು. ವಿಂಡೋಸ್ ಕಡೆಯಿಂದ ಗಿಟ್ (ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಸಾಧನ) ಮೂಲಕ ಪುಶ್ ಮಾಡಿ, ಇಲ್ಲಿ ಹೋಮ್ ಫೋಲ್ಡರಿಗೆ ಹೊಸದಾಗಿ ಕ್ಲೋನ್ ಮಾಡಿದರೆ ಒಳ್ಳೇದು. ಹಳೇ ಫೋಲ್ಡರನ್ನೇ ತೆರೆದರೆ, ಸಾಲಿನ ಕೊನೆಯನ್ನು ತಾನೇ ಬದಲಿಸುವ ಅಲ್ಲಿನ ಆಟೋಸಿಆರ್‌ಎಲ್‌ಎಫ್ ಸೆಟ್ಟಿಂಗ್ ಇಲ್ಲಿಲ್ಲದ್ದರಿಂದ, ಮುಟ್ಟದ ಫೈಲುಗಳೂ ಬದಲಾಗಿವೆ ಅಂತ ಗಿಟ್ ಪಟ್ಟಿ ಕೊಡುತ್ತೆ.

ಅಂದಹಾಗೆ ಅವನು ವಿಂಡೋಸನ್ನು ಪೂರ್ತಿ ತೆಗೆದಿಲ್ಲ, ಪ್ರಾಜೆಕ್ಟುಗಳೆಲ್ಲ ಇನ್ನೂ ಡಿ ಡ್ರೈವಿನಲ್ಲೇ. ವಿಂಡೋಸನ್ನು ಪೂರ್ತಿ ಮುಚ್ಚದೆ ಅರೆನಿದ್ದೆಯಲ್ಲಿಡುವ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿದ್ದಾನೋ ಇಲ್ಲವೋ. ಆಫ್ ಮಾಡದಿದ್ದರೆ ಆ ಡ್ರೈವ್ ಇಲ್ಲಿ ಓದಲಷ್ಟೇ ತೆರೆದೀತು, ಉಳಿಸಲು ಆಗುತ್ತಿಲ್ಲ ಅಂತ ಎಡಿಟರನ್ನೇ ಬೈದುಕೊಂಡು ಇನ್ನೊಂದನ್ನು ಹಾಕಲು ಹೊರಡುತ್ತಾನೆ, ಆಮೇಲೆ ಅದರಲ್ಲೂ...